ಡೆಲ್ರಿನ್ ಹೊದಿಕೆ, ಹಿತ್ತಾಳೆಯ ತಿರುಳು: ಗೇರ್ ನಾಬ್ ಬದಲಿಸಿದ ನನ್ನ ಅನುಭವ

ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಹಿತ್ತಾಳೆ ಕೂರಿಸಿದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಸಡಿಲವಾಗಿ ಗಡಗಡ ಎನ್ನುತ್ತದೆ ಎಂದು ಬಲ್ಲವರೆಲ್ಲ ಹೇಳಿದ್ದರು. ಒಂದು ಬೇಸಿಗೆ ಬಂದು ಹೋಯಿತು, ಮತ್ತೊಂದು ನಡೆಯುತ್ತಿದೆ, ಗೇರ್ ಲಿವರ್‌ನ ತುದಿಗೆ ಹಾಗೆ ಮಾಡಿ ಹಾಕಿದ ನಾಬ್ (ಹಿಡಿ) ಕೂದಲೆಳೆಯಷ್ಟೂ ಅಲುಗಿಲ್ಲ. ಹೀಗಾಗಿ ಬರೆಯುವ ಹಕ್ಕು ನನಗೆ ಬಂದಿದೆ ಎಂದುಕೊಳ್ಳುತ್ತೇನೆ.

ಗಾಡಿ ಎರಡನೇ ತಲೆಮಾರಿನ ಮಜ್ದಾ ಎಂಎಕ್ಸ್-5, ಛಾವಣಿ ಮಡಚುವ ಎರಡು ಸೀಟಿನ ಕಾರು. ಇದರ ಲಿವರ್ ನೇರವಾಗಿ ಗೇರ್‌ಬಾಕ್ಸಿನ ಮೇಲೆಯೇ ನಿಂತಿದೆ, ನಡುವೆ ಕೇಬಲ್ ಇಲ್ಲ. ಗೇರ್ ಬೀಳುವ ಸುಖವೂ ಕೈಗೆ ನೇರ ಬರುತ್ತದೆ, ಗೇರ್‌ಬಾಕ್ಸಿನ ನಡುಕವೂ ನೇರ ಬರುತ್ತದೆ. ಕಂಪನಿಯ ನಾಬ್ ಹಗುರ, ಚರ್ಮ ಸವೆದು ನುಣುಪಾಗಿತ್ತು, ಎಂಜಿನ್ ಮೇಲೇರಿದಾಗ ಜುಂ ಎಂದು ಕೈ ಜೋಮು ಹಿಡಿಸುತ್ತಿತ್ತು.

ಪೇಟೆಯ ನಾಬ್‌ಗಳಿಗೆ ನಾನು ಸುರಿದ ಹಣಕ್ಕೆ ಒಂದು ಒಳ್ಳೆಯ ಟೈರ್ ಬರುತ್ತಿತ್ತು. ಮೊದಲು ತರಿಸಿದ್ದು ಅಲ್ಯೂಮಿನಿಯಂ. ನೋಡಲು ಚೆಂದ, ಆದರೆ ಛಾವಣಿ ತೆಗೆದು ಬಿಸಿಲಲ್ಲಿ ನಿಲ್ಲಿಸಿದ ಗಾಡಿಗೆ ಅದು ಸಲ್ಲದು. ಡೆಲ್ರಿನ್‌ಗಿಂತ ನೂರಾರು ಪಟ್ಟು ವೇಗವಾಗಿ ಶಾಖ ಸಾಗಿಸುವ ಲೋಹ ಅದು. ಮುಟ್ಟಿದ ಕ್ಷಣವೇ ಒಳಗಿನ ಬಿಸಿಯನ್ನೆಲ್ಲ ಅಂಗೈಗೆ ಸುರಿಯುತ್ತದೆ. ತೂಕವೂ ಇಲ್ಲ: 50 ಮಿ.ಮೀ. ವ್ಯಾಸದ ಗಟ್ಟಿ ಗುಂಡು ಮಾಡಿದರೂ 175 ಗ್ರಾಂ ದಾಟುವುದು ಕಷ್ಟ.

ಆಮೇಲೆ ‘ಎಲ್ಲ ಗಾಡಿಗೂ ಸರಿ’ ಎಂದು ಮಾರುವ ನಾಬ್. ಒಳಗೊಂದು ಪ್ಲಾಸ್ಟಿಕ್ ತೋಳು, ಸುತ್ತ ಮೂರು ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ). ಕೆಲವೇ ವಾರಗಳಲ್ಲಿ ಸ್ಕ್ರೂಗಳು ತೋಳನ್ನು ಕೊರೆದುಕೊಂಡು ಸಡಿಲವಾದವು, ಲಿವರ್‌ನ ಥ್ರೆಡ್ ಮೇಲೆ ಮೂರು ಗಾಯ ಉಳಿಸಿದವು. ಇನ್ನೊಬ್ಬ ಮಾರಾಟಗಾರ ನನ್ನ ಗಾಡಿಯ ಹೆಸರು ಕೇಳಿಯೇ ಕಳಿಸಿದ್ದು 10 ಮಿ.ಮೀ., 1.5 ಪಿಚ್ (ಥ್ರೆಡ್ಡಿನ ಏಣುಗಳ ನಡುವಿನ ಅಂತರ). ಅದು ಹೋಂಡಾದ ಅಳತೆ. ಎಂಎಕ್ಸ್-5ಗೆ ಬೇಕಾದದ್ದು 10 ಮಿ.ಮೀ., 1.25 ಪಿಚ್. ತಪ್ಪು ಪಿಚ್ಚಿನ ನಾಬ್ ಒಂದೆರಡು ಸುತ್ತು ಸರಾಗವಾಗಿ ಹೋಗಿ ಬಿಗಿಯುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಬಲ ಹಾಕಿ ತಿರುಗಿಸಿದವರು ನಾಬ್‌ನ ಬದಲು ಲಿವರ್‌ಗೇ ಹಣ ತೆತ್ತಿದ್ದನ್ನು ನೋಡಿದ್ದೇನೆ. ಹಿಂದಿರುಗಿಸಲು ಅಂಚೆ ಖರ್ಚು ನನ್ನದೇ ಎಂದರು. ನಾಬ್ ಈಗ ಕಾಗದ ಹಾರದಂತೆ ಮೇಜಿನ ಮೇಲೆ ಕೂತಿದೆ.

ತೂಕದ ಹುಚ್ಚಿಗೆ ಗಟ್ಟಿ ಸ್ಟೇನ್‌ಲೆಸ್ ಗುಂಡನ್ನೂ ಹಾಕಿ ನೋಡಿದೆ, ಹತ್ತಿರ ಹತ್ತಿರ ಅರ್ಧ ಕಿಲೋ. ನಡುಕ ಅಡಗಿತು. ಎರಡರಿಂದ ಮೂರಕ್ಕೆ ಬೆರಳ ತುದಿಯಲ್ಲಿ ತಳ್ಳಿದರೆ ಸಾಕು, ತನ್ನ ಭಾರಕ್ಕೇ ಜಾರಿ ಕೂರುತ್ತಿತ್ತು. ಆದರೆ ಗೇರ್‌ಗಳ ವೇಗ ಹೊಂದಿಸುವ ಸಿಂಕ್ರೊ ‘ಇನ್ನೂ ಆಗಿಲ್ಲ, ತಾಳು’ ಎಂದು ಕೈಗೆ ಕೊಡುವ ಸಣ್ಣ ತಡೆ ಇದೆಯಲ್ಲ, ಅದು ಭಾರದಲ್ಲಿ ಮುಳುಗಿಹೋಯಿತು. ಭಾರದ ನಾಬ್ ಸಿಂಕ್ರೊವನ್ನು ತಿನ್ನುತ್ತದೆ ಎಂಬ ಹಳೆಯ ವಾದಕ್ಕೆ ನಾನು ಕೈ ಹಾಕುವುದಿಲ್ಲ. ನನ್ನ ತಕರಾರು ಇಷ್ಟೇ: ಕೈಗೆ ಸುದ್ದಿ ಮುಟ್ಟದಿದ್ದರೆ ಮ್ಯಾನುವಲ್ ಗಾಡಿ ಯಾಕೆ?

ಹಾಗಾಗಿ ಬೇಕಾದದ್ದು ಎರಡರ ನಡುವಿನ ತೂಕ, ಸುಮಾರು 250 ಗ್ರಾಂ, ಮುಟ್ಟಿದರೆ ಸುಡದ ಮೈ. ಬರೀ ಡೆಲ್ರಿನ್ ಗುಂಡು 90 ಗ್ರಾಂ ದಾಟದು. ತಿರುಳನ್ನು ಹಿತ್ತಾಳೆಯಲ್ಲಿ ಮಾಡಿ ಮೇಲೆ ಡೆಲ್ರಿನ್ ಹೊದಿಸಿದರೆ ಎರಡೂ ದಕ್ಕುತ್ತವೆ. ಲೇತ್ ನಡೆಸುವ ಟರ್ನರ್ ಆಗದು ಎಂದು ತಲೆಯಾಡಿಸಿದರು. ಡೆಲ್ರಿನ್ ಬಿಸಿಗೆ ಹಿತ್ತಾಳೆಯ ಐದು ಪಟ್ಟು ಹಿಗ್ಗುತ್ತದೆ, ಬಿಸಿಲಲ್ಲಿ ಹೊದಿಕೆ ತಿರುಳನ್ನು ಬಿಟ್ಟುಬಿಡುತ್ತದೆ ಎಂದರು. ಅಂಟು ಹಾಕೋಣವೆಂದರೆ ಡೆಲ್ರಿನ್‌ಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅವರ ಮಾತು ಅಕ್ಷರಶಃ ನಿಜ. ನಿಜವಾದ್ದರಿಂದಲೇ ಲೆಕ್ಕ ಹಾಕಬಹುದು.

ತಿರುಳು 30 ಮಿ.ಮೀ. ದಪ್ಪ, 35 ಮಿ.ಮೀ. ಉದ್ದ. ಗಾಡಿಯೊಳಗೆ ಬಿಸಿ ಇದ್ದದ್ದಕ್ಕಿಂತ 40 ಡಿಗ್ರಿ ಹೆಚ್ಚಿತೆನ್ನಿ. ಹೊದಿಕೆಯ ರಂಧ್ರ ತಿರುಳಿಗಿಂತ ಸುಮಾರು 0.1 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ಅಂದರೆ ತಣ್ಣಗಿರುವಾಗ ರಂಧ್ರ ಅದಕ್ಕಿಂತ ಹೆಚ್ಚು ಚಿಕ್ಕದಿರಬೇಕು. ನಾನು 0.15ರ ಆಸುಪಾಸಿನಲ್ಲಿ ಇಟ್ಟೆ. ಇಷ್ಟು ಬಿಗಿಯನ್ನು ಪ್ರೆಸ್‌ನಲ್ಲಿ ಒತ್ತಿದರೆ ಡೆಲ್ರಿನ್ ಗೀರಿಹೋಗುತ್ತದೆ. ಆದರೆ ಕುದಿಯುವ ನೀರಿನಲ್ಲಿ ಹೊದಿಕೆಯನ್ನು ಅರ್ಧ ಗಂಟೆ ಮುಳುಗಿಸಿದರೆ ರಂಧ್ರ ಕಾಲು ಮಿಲಿಮೀಟರ್ ಅಗಲವಾಗುತ್ತದೆ. ತಿರುಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟಿದ್ದೆ. ನೀರಿನಿಂದ ತೆಗೆದು, ಒರೆಸಿ, ತಿರುಳನ್ನು ಬಿಟ್ಟರೆ ತಾನೇ ಇಳಿಯಿತು, ತಳಕ್ಕೆ ತಾಗಿ ಟಕ್ ಎಂದಿತು. ಅಲ್ಲಿಂದ ಮುಂದೆ ಕೆಲವೇ ಸೆಕೆಂಡು ಸಿಗುತ್ತದೆ. ಓರೆಯಾಗಿ ಕೂತರೆ ಹೊದಿಕೆಯನ್ನು ಕೊರೆದು ಬಿಸಾಡುವುದೇ ದಾರಿ. ನಾನು ನೇರವಾಗಿ ಕೂರಿಸಿದೆ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಬಿಗಿಯೊಂದನ್ನೇ ನಂಬಿದ್ದರೆ ಟರ್ನರ್ ಗೆಲ್ಲುತ್ತಿದ್ದರು, ಏಕೆಂದರೆ ಸದಾ ಎಳೆತದಲ್ಲಿರುವ ಡೆಲ್ರಿನ್ ಕಾಲಕ್ರಮೇಣ ಸೋಲುತ್ತದೆ. ಅದಕ್ಕಾಗಿ ತಿರುಳಿನ ಮೈಮೇಲೆ ಒಂದು ಕೆತ್ತನೆ ಮಾಡಿಸಿದ್ದೇನೆ. ಸಾಮಾನ್ಯ ನರ್ಲಿಂಗ್ (ಹಿಡಿತಕ್ಕೆ ಒತ್ತುವ ಗೀರುಗಳು) ಅಲ್ಲ. ಅದರ ಆಕಾರ ಮತ್ತು ಆಳ ನನ್ನಲ್ಲೇ ಇರಲಿ, ಅದನ್ನು ಕಂಡುಕೊಳ್ಳಲು ಹಾಳಾದ ಹಿತ್ತಾಳೆಯ ಲೆಕ್ಕ ನನಗೆ ಗೊತ್ತು. ಲೇತ್ ಮೇಲೆ ಹೊರಮೈಯನ್ನು ಗುಂಡಗೆ ಮಾಡುವುದು ತಿರುಳು ಕೂತ ಮೇಲೆ, ಮೊದಲಲ್ಲ. ಇಷ್ಟನ್ನು ಉಚಿತವಾಗಿ ಕೊಡುತ್ತೇನೆ.

ಹಳೆಯ ನಾಬ್ ತೆಗೆಯುವುದು ನಿಮಗೆಲ್ಲ ಗೊತ್ತು. ಒಂದೇ ಮಾತು: ಬರಿಗೈಯಲ್ಲಿ ಜಗ್ಗಾಡಿ ತಿರುಚುವ ಬಲವನ್ನೆಲ್ಲ ಗೇರ್‌ಬಾಕ್ಸಿನ ಬುಷ್‌ಗೆ ದಾಟಿಸಬೇಡಿ. ಬೂಟ್ (ಲಿವರ್ ಬುಡದ ಮುಸುಕು) ಇಳಿಸಿ, ಲಿವರ್‌ಗೆ ಬಟ್ಟೆ ಸುತ್ತಿ ಪ್ಲೈಯರ್‌ನಲ್ಲಿ ಹಿಡಿದು, ಮೇಲೆ ಸ್ಟ್ರಾಪ್ ವ್ರೆಂಚ್ ಹಾಕಿ ಎಡಕ್ಕೆ ತಿರುಗಿಸಿದರೆ ಮುಗಿಯಿತು. ಥ್ರೆಡ್ ಸಡಿಲಾಗದಂತೆ ಹಿಡಿಯುವ ಅಂಟು, ಥ್ರೆಡ್‌ಲಾಕರ್ ಹಚ್ಚಿದ್ದರೆ ಬಿಸಿಗಾಳಿ ಬೇಕಾಗುತ್ತದೆ. ಆ ಕಾರಣಕ್ಕೇ ನನ್ನ ನಾಬ್‌ಗೆ ಥ್ರೆಡ್‌ಲಾಕರ್ ಹಾಕಿಲ್ಲ. ತೆಗೆಯಲು ಬಿಸಿ ಕೊಟ್ಟರೆ ಡೆಲ್ರಿನ್ ತಿರುಳನ್ನು ಬಿಡುತ್ತದೆ, ಮಾಡಿದ್ದೆಲ್ಲ ನೀರುಪಾಲು. ಬದಲಿಗೆ ಕೆಳಗೊಂದು ತೆಳು ಲಾಕ್ ನಟ್. ಗೇರ್ ಚಿತ್ರ ನೇರವಾಗುವಲ್ಲಿ ನಾಬ್ ಹಿಡಿದು, ನಟ್ಟನ್ನು ಮೇಲಕ್ಕೆ ತಂದು ಹಿತ್ತಾಳೆಗೆ ಬಿಗಿದರೆ ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತದೆ. ಮಾಮೂಲಿ ಸ್ಪ್ಯಾನರ್ ಅಲ್ಲಿ ಹಿಡಿಸದು, ಹಳೆಯದೊಂದನ್ನು ಗ್ರೈಂಡರ್‌ನಲ್ಲಿ ತೆಳ್ಳಗೆ ಮಾಡಿಕೊಳ್ಳಿ.

ನಡುವೆ ಅಡ್ಡದಾರಿ ಪ್ರಯೋಗಗಳೂ ನಡೆದವು. ಪೊಳ್ಳು ನಾಬ್ ಒಂದಕ್ಕೆ ಸೀಸದ ಚರೆ ಮತ್ತು ಎಪಾಕ್ಸಿ ತುಂಬಿದೆ. ಅಗ್ಗ, ಆದರೆ ಬಿಸಿಲಿಗೆ ಎಪಾಕ್ಸಿ ಮೆತ್ತಗಾಗಿ ಥ್ರೆಡ್ಡಿನ ತೋಳು ತಿರುಗತೊಡಗಿತು. ಲಾಕ್ ನಟ್ ಮತ್ತು ನಾಬ್ ನಡುವೆ ರಬ್ಬರ್ ಓ-ರಿಂಗ್ ಇಟ್ಟೆ; ನಡುಕ ಇನ್ನಷ್ಟು ಕಡಿಮೆಯಾಯಿತು, ಗೇರ್ ಬೀಳುವ ಖಚಿತತೆಯೂ ಹೋಯಿತು, ತೆಗೆದೆ. ನಾಬ್ ಅನ್ನು ಎರಡು ಸೆಂಟಿಮೀಟರ್ ಕೆಳಗೆ ಕೂರಿಸಿದಾಗ ಕೈ ಚಲಿಸುವ ದೂರ ಹತ್ತರಲ್ಲೊಂದು ಪಾಲು ಕಡಿಮೆಯಾದಂತೆ ಕಂಡಿತು, ಬಲ ಅಷ್ಟೇ ಹೆಚ್ಚು ಬೇಕಾಯಿತು. ಕೈ ಚಲಿಸುವ ದೂರ ತಗ್ಗಿಸುವ ಶಾರ್ಟ್ ಶಿಫ್ಟರ್‌ಗೆ ಹಣ ಎಣಿಸುವ ಮೊದಲು ಇದನ್ನೊಮ್ಮೆ ನೋಡಿ, ಖರ್ಚಿಲ್ಲ. ಆದರೆ ಲಿವರ್ ಕೆಳಕ್ಕೆ ಒತ್ತಿ ರಿವರ್ಸ್ ಹಾಕುವ ಗೇರ್‌ಬಾಕ್ಸ್ ಆಗಿದ್ದರೆ, ಮಡಚಿಕೊಂಡ ಬೂಟ್ ಅಡ್ಡ ಬರುವುದಿಲ್ಲವೇ ಎಂದು ನಿಂತಲ್ಲೇ ಪರೀಕ್ಷಿಸಿಕೊಳ್ಳಿ. ಹೊರಮೈಯನ್ನು ಹೊಳೆಯಿಸಲೂಬೇಡಿ, ಬೆವರಿದ ಕೈಗೆ ಜಾರುತ್ತದೆ. 400ರ ಉಪ್ಪುಕಾಗದದಲ್ಲಿ ತಿಕ್ಕಿದ ಮಂಕು ಮೈಯೇ ಹಿಡಿತಕ್ಕೆ ಒಳ್ಳೆಯದು.

ಹಿತ್ತಾಳೆ, ಡೆಲ್ರಿನ್ ಸರಳು, ಲೇತ್ ಕೂಲಿ, ಥ್ರೆಡ್ ಕೊರೆಯುವ ಟ್ಯಾಪ್ ಎಲ್ಲ ಸೇರಿ, ಕೆಟ್ಟ ತುಂಡುಗಳನ್ನು ಬಿಟ್ಟು ಲೆಕ್ಕ ಹಿಡಿದರೆ, ಹೆಸರುವಾಸಿ ತೂಕದ ನಾಬ್ ಒಂದರ ಮೂರನೇ ಒಂದು ಭಾಗ ಖರ್ಚಾಗಿದೆ. ಕೆಟ್ಟ ತುಂಡುಗಳನ್ನೂ ಸೇರಿಸಿದರೆ ಆ ನಾಬ್‌ನ ಬೆಲೆಯನ್ನು ಸ್ವಲ್ಪ ಮೀರುತ್ತದೆ, ಆದರೆ ಆ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಈಗ ಟೊಯೊಟಾ 86 ಇಟ್ಟುಕೊಂಡ ಗೆಳೆಯ ತನಗೂ ಒಂದು ಬೇಕೆಂದು ಕೂತಿದ್ದಾನೆ. ಅದರ ಥ್ರೆಡ್ 12 ಮಿ.ಮೀ., 1.25 ಪಿಚ್, ಟ್ಯಾಪ್ ಬದಲಿಸಿದರೆ ಆಯಿತು. ತೊಡಕಿರುವುದು ರಿವರ್ಸ್‌ಗೆ ಮೇಲಕ್ಕೆತ್ತುವ ಬಳೆಯಲ್ಲಿ. ಲಾಕ್ ನಟ್ ಅದರ ದಾರಿಗೆ ಅಡ್ಡ ಬರದಂತೆ ತಿರುಳಿನ ತಳವನ್ನು ಒಳಕ್ಕೆ ಕೊರೆಯಬೇಕು, ಕೊರೆದಷ್ಟೂ ತೂಕ ಹೋಗುತ್ತದೆ. ತಿರುಳನ್ನು ಇನ್ನೂ ಎರಡು ಮಿಲಿಮೀಟರ್ ದಪ್ಪ ಮಾಡಿ, ಹೊದಿಕೆಯ ಗೋಡೆಯನ್ನು ಅಷ್ಟು ತೆಳುವಾಗಿಸಿದರೆ ಅದು ಬಿರಿಯದೆ ನಿಲ್ಲುತ್ತದೆಯೇ ಎಂದು ಸದ್ಯ ಒಂದು ತುಂಡನ್ನು ಬಿಸಿಲಿಗಿಟ್ಟು ನೋಡುತ್ತಿದ್ದೇನೆ.