ಗೇಮ್ ಕೊಳ್ಳುವ ಮುಂಚೆ ರಿವ್ಯೂ ಓದುವುದು ಹೇಗೆ: ಅಂಕಿ ಆಮೇಲೆ, ಮೊದಲು ಉಳಿದದ್ದು ನೋಡಿ

ಸ್ವಲ್ಪ ದಿನದ ಹಿಂದೆ ಒಂದು ದೊಡ್ಡ ಗೇಮ್ ಬಂತು. ಹೆಸರು ಬೇಡ ಬಿಡಿ. ಎಲ್ಲ ಕಡೆ 9, ಕೆಲವು ಕಡೆ 10. ಬಿಡುಗಡೆಯ ರಾತ್ರಿಯೇ ಕೊಂಡೆ. ಡೌನ್‌ಲೋಡ್ ಮುಗಿಯುವಾಗ ಹಾಲಿನವನು ಬರುವ ಹೊತ್ತು. ತೆರೆದರೆ 'ಶೇಡರ್ ಕಂಪೈಲ್ ಆಗುತ್ತಿದೆ' (ಗ್ರಾಫಿಕ್ಸನ್ನು ನಮ್ಮ ಮೆಷಿನ್‌ಗೆ ಹೊಂದಿಸುವ ಕೆಲಸ) ಅಂತ ಒಂದು ಪಟ್ಟಿ ತೆವಳುತ್ತಿತ್ತು. ಅದಕ್ಕೇ ಮುಕ್ಕಾಲು ಗಂಟೆ. ಆಮೇಲೆ ನನ್ನ ಪಾತ್ರಕ್ಕೆ ಮೂಗು, ಹುಬ್ಬು, ಕೂದಲು ಆರಿಸುತ್ತಾ ಕೂತೆ, ಅದು ಅರ್ಧ ಗಂಟೆ. ಆಮೇಲೆ ಕಥೆ ಹೇಳುವ ವಿಡಿಯೋಗಳು. ಅಂತೂ ನಿಜವಾದ ಆಟ ಶುರುವಾಗಿ ಮೊದಲ ಊರಿನೊಳಗೆ ಕಾಲಿಟ್ಟೆ ನೋಡಿ, ಲ್ಯಾಪ್‌ಟಾಪಿನ ಫ್ಯಾನು ಚಟ್ನಿ ರುಬ್ಬುವ ಮಿಕ್ಸಿ ಥರ ಕೂಗತೊಡಗಿತು, ಸೆಕೆಂಡಿಗೆ ಹದಿನೆಂಟು ಫ್ರೇಮ್, ಅಂದರೆ ಹದಿನೆಂಟು ಚಿತ್ರ, ಬಂದರೆ ದೊಡ್ಡದು. ವಾಪಸ್ ಮಾಡೋಣ ಅಂತ ನೋಡಿದರೆ ಆಡಿದ ಸಮಯ 2 ಗಂಟೆ 8 ನಿಮಿಷ. ದುಡ್ಡು ವಾಪಸ್ ಕೇಳುವುದಕ್ಕೆ ಇದ್ದ ಮಿತಿ 2 ಗಂಟೆ.

ರಿವ್ಯೂ ಬರೆದವರು ಸುಳ್ಳು ಹೇಳಿರಲಿಲ್ಲ. ಅವರ ಮೆಷಿನ್‌ನಲ್ಲಿ ಗೇಮ್ ಚೆನ್ನಾಗಿಯೇ ಓಡಿತ್ತು. ನಾನು ಓದಿದ್ದು ಅಂಕಿ ಮಾತ್ರ, ಅದರ ಕೆಳಗೆ ಬರೆದಿದ್ದನ್ನಲ್ಲ. ಅವತ್ತಿನಿಂದ ಓದುವ ಕ್ರಮ ಬದಲಾಯಿಸಿಕೊಂಡಿದ್ದೇನೆ. ಹೊಸ ಗೇಮ್ ಈಗ ನಾಲ್ಕೈದು ಸಾವಿರದವರೆಗೂ ಹೋಗಿರುವಾಗ ನಿಮಗೂ ಉಪಯೋಗ ಆಗಬಹುದು.

ಮೊದಲು ಮೆಟಾಕ್ರಿಟಿಕ್, ಎಲ್ಲರ ರಿವ್ಯೂ ಅಂಕಗಳನ್ನು ಒಂದು ಕಡೆ ಸೇರಿಸುವ ಸೈಟು. ಅಲ್ಲಿ ಕಾಣುವ ಅಂಕಿ ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ. ಆದರೆ ಎಲ್ಲರ ಅಂಕಕ್ಕೂ ಒಂದೇ ತೂಕ ಇಲ್ಲ, ಯಾರಿಗೆ ಎಷ್ಟು ತೂಕ ಅಂತ ಅವರು ಹೇಳುವುದೂ ಇಲ್ಲ. 75 ಮುಟ್ಟಿದರೆ ಹಸಿರು, 50ರಿಂದ 74ರವರೆಗೆ ಹಳದಿ, ಅದಕ್ಕೂ ಕೆಳಗೆ ಕೆಂಪು. ಅಲ್ಲೇ ಸಿನಿಮಾಕ್ಕೆ 61 ಬಂದರೂ ಹಸಿರು. ಗೇಮ್‌ಗೆ ಮಾತ್ರ ಯಾಕೆ 75? ಗೇಮ್‌ಗಳಿಗೆ ಅಂಕ ಕೊಡುವವರ ಕೈ ಧಾರಾಳ, ಅದಕ್ಕೆ. ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಥೆಯೇ. ಒಂದು ಕಾಲದಲ್ಲಿ ಅರವತ್ತು ಬಂದರೆ ಫಸ್ಟ್ ಕ್ಲಾಸ್ ಅಂತ ಬೀದಿಗೆಲ್ಲ ಪೇಡ ಹಂಚುತ್ತಿದ್ದರು, ಈಗ ಎಂಬತ್ತು ಬಂದರೂ 'ಯಾಕೆ ಕಮ್ಮಿ ಆಯ್ತು' ಅಂತ ಕೇಳುತ್ತಾರೆ, ಅಲ್ವಾ? ಹಾಗೆ ಇಲ್ಲೂ 7 ಅಂದರೆ 'ಪರವಾಗಿಲ್ಲ', 6 ಅಂದರೆ ಹೆಚ್ಚುಕಮ್ಮಿ ಫೇಲು. ಇದು ಗೊತ್ತಿದ್ದರೆ ಅರ್ಧ ಗೊಂದಲ ಕಮ್ಮಿ.

ಸರಾಸರಿಗೆ ಇನ್ನೊಂದು ಕಾಯಿಲೆ ಇದೆ. 2019ರಲ್ಲಿ ಬಂದ ಡೆತ್ ಸ್ಟ್ರ್ಯಾಂಡಿಂಗ್ ತಗೊಳ್ಳಿ. ಬೆನ್ನ ಮೇಲೆ ಪಾರ್ಸಲ್ ಪೇರಿಸಿಕೊಂಡು, ಬೀಳದ ಹಾಗೆ ತೂಕ ಸರಿದೂಗಿಸಿಕೊಂಡು, ಗುಡ್ಡ ಹತ್ತಿ ಹೊಳೆ ದಾಟಿ ತಲುಪಿಸುವುದೇ ಆಟ. ಒಂಥರಾ ಡೆಲಿವರಿ ಹುಡುಗನ ಕೆಲಸ, ಬೈಕಿಗೂ ಗ್ಯಾರಂಟಿ ಇಲ್ಲ. ಅದಕ್ಕೆ ಐಜಿಎನ್ ಅನ್ನುವ ರಿವ್ಯೂ ಸೈಟು ಕೊಟ್ಟಿದ್ದು 6.8. ಜಪಾನಿನ ಫಾಮಿತ್ಸು ಪತ್ರಿಕೆಯಲ್ಲಿ ನಾಲ್ಕು ಜನ ಕೂತು ತಲಾ ಹತ್ತರಂತೆ 40ಕ್ಕೆ 40 ಕೊಟ್ಟರು. ಮೆಟಾಕ್ರಿಟಿಕ್ ಸರಾಸರಿ 82. ಈ ಎಂಬತ್ತೆರಡು ಆ ಕಡೆಯವರ ಅಭಿಪ್ರಾಯವೂ ಅಲ್ಲ, ಈ ಕಡೆಯವರದ್ದೂ ಅಲ್ಲ. 'ಎಂಬತ್ತೆರಡು ಬಂದಿದೆ, ಚೆನ್ನಾಗಿರಬೇಕು' ಅಂತ ಕೊಂಡವನಿಗೆ ಒಂದೋ ಹುಚ್ಚು ಹಿಡಿಯುತ್ತದೆ, ಇಲ್ಲ ನಿದ್ದೆ ಬರುತ್ತದೆ.

ಅದಕ್ಕೆ ನಾನು ಮಾಡುವುದು ಇಷ್ಟು. ಅಂಕಗಳ ಪಟ್ಟಿ ತೆರೆದು ಎಲ್ಲಕ್ಕಿಂತ ಕಡಿಮೆ ಕೊಟ್ಟವರದ್ದನ್ನು ಮೊದಲು ಓದುತ್ತೇನೆ. ಹೊಗಳಿಕೆ ಎಲ್ಲ ಕಡೆ ಒಂದೇ ಥರ ಇರುತ್ತದೆ: ಗ್ರಾಫಿಕ್ಸ್ ಅದ್ಭುತ, ಸಂಗೀತ ಅದ್ಭುತ. ಬೈಯುವವನು ಮಾತ್ರ ಗೇಮ್ ಒಳಗೆ ಏನಿದೆ ಅಂತ ಹೇಳಿಯೇ ಬೈಯಬೇಕು. 'ಇಪ್ಪತ್ತು ಗಂಟೆ ಬರೀ ನಡೆದಿದ್ದೇ ಆಯ್ತು' ಅಂತ ಯಾರೋ ಗೋಳಾಡಿದರೆ, ನಡೆಯುವುದು ನಿಮಗೆ ಇಷ್ಟವಾದರೆ, ಅದಕ್ಕಿಂತ ಒಳ್ಳೆ ಶಿಫಾರಸು ಬೇಕಾ? 'ಸತ್ತರೆ ಅಷ್ಟು ದೂರ ಮತ್ತೆ ಓಡಬೇಕು', 'ಮಾತುಕತೆ ಜಾಸ್ತಿ, ಹೊಡೆದಾಟ ಕಮ್ಮಿ', ಇಂಥವು ಒಬ್ಬನಿಗೆ ದೂರು, ಇನ್ನೊಬ್ಬನಿಗೆ ಹಬ್ಬ. ಆದರೆ 'ಸೇವ್ ಫೈಲ್ ಅಳಿಸಿಹೋಯಿತು' ಅನ್ನುವುದು ಯಾರಿಗೂ ಹಬ್ಬವಲ್ಲ. ಅಂಥದ್ದು ಎರಡು ಕಡೆ ಕಂಡರೆ ಟ್ಯಾಬ್ ಮುಚ್ಚಿ.

ಈಗ ಸ್ಟೀಮ್, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ. ಇಲ್ಲಿ ಅಂಕವೇ ಇಲ್ಲ. ಹೆಬ್ಬೆರಳು ಮೇಲೆ ಅಥವಾ ಕೆಳಗೆ. ಅಲ್ಲಿ ಬರೆದಿರುವ ಪರ್ಸೆಂಟು ಎಷ್ಟು ಜನ ಮೇಲಕ್ಕೆ ಒತ್ತಿದರು ಅನ್ನುವ ಲೆಕ್ಕ, ಗೇಮ್ ಎಷ್ಟು ಚೆನ್ನಾಗಿದೆ ಅನ್ನುವ ಲೆಕ್ಕವಲ್ಲ. ನೂರು ಜನ ಆಡಿ, ನೂರೂ ಜನ 'ಹೂಂ, ಟೈಂಪಾಸ್ ಆಯ್ತು' ಅಂದುಕೊಂಡು ಮೇಲಕ್ಕೆ ಒತ್ತಿದರೆ 100%. ಇನ್ನೊಂದು ಗೇಮ್‌ಗೆ ಅರವತ್ತೈದು ಜನ ಪ್ರಾಣ ಬಿಡುತ್ತಾರೆ, ಮೂವತ್ತೈದು ಜನಕ್ಕೆ ಸೇರುವುದೇ ಇಲ್ಲ, ಅದು 65%. ಸ್ಟೀಮ್ ಭಾಷೆಯಲ್ಲಿ 40ರಿಂದ 69ರವರೆಗೆ ಎಲ್ಲ 'ಮಿಕ್ಸ್ಡ್', ಹಳದಿ ಬಣ್ಣದಲ್ಲಿ. ನೋಡಿದ ತಕ್ಷಣ ಕೆಟ್ಟ ಗೇಮ್ ಅನ್ನಿಸುತ್ತದೆ. ನನ್ನ ಅತಿ ಇಷ್ಟದ ಗೇಮ್‌ಗಳಲ್ಲಿ ಎರಡು ಇದೇ ಹಳದಿಯಲ್ಲಿ ಕೂತಿವೆ. ಮೇಲಿನ ತುದಿಯಲ್ಲಿ 'ಓವರ್‌ವೆಲ್ಮಿಂಗ್ಲಿ ಪಾಸಿಟಿವ್' ಅನ್ನಿಸಿಕೊಳ್ಳಲು 95% ಬೇಕು, ಜೊತೆಗೆ ಕನಿಷ್ಠ 500 ರಿವ್ಯೂ ಇರಬೇಕು.

ಸ್ಟೀಮ್‌ನಲ್ಲಿ ಎರಡು ವಿಷಯ ತಪ್ಪದೆ ನೋಡಿ. ಒಂದು, ಒಟ್ಟು ಲೆಕ್ಕದ ಪಕ್ಕದಲ್ಲೇ ಇರುವ ಕಳೆದ 30 ದಿನದ ಲೆಕ್ಕ. ಒಟ್ಟು ಚೆನ್ನಾಗಿದ್ದು ಇತ್ತೀಚಿನದು ಕುಸಿದಿದ್ದರೆ ಏನೋ ಆಗಿದೆ ಅಂತ ಅರ್ಥ: ಹೊಸ ಅಪ್‌ಡೇಟ್ ಕೈಕೊಟ್ಟಿರಬಹುದು, ಸರ್ವರ್ ಮುಚ್ಚುತ್ತಿರಬಹುದು, ಮುಂಚೆ ಕೇಳದ ಜಾಗದಲ್ಲಿ ದುಡ್ಡು ಕೇಳಲು ಶುರುಮಾಡಿರಬಹುದು. ಇನ್ನೊಂದು, ಬರೆದವನು ಎಷ್ಟು ಗಂಟೆ ಆಡಿದ್ದಾನೆ ಅನ್ನುವುದು. 0.3 ಗಂಟೆ ಆಡಿ 'ಕಥೆ ಸಪ್ಪೆ' ಅಂದವನನ್ನು ಬಿಟ್ಟುಬಿಡಿ. 0.3 ಗಂಟೆ ಆಡಿ 'ತೆರೆಯುವಾಗಲೇ ಕ್ರ್ಯಾಶ್' ಅಂದವನ ಮಾತು ಚಿನ್ನ. ಸಾವಿರ ಗಂಟೆ ಆಡಿ 'ಯಾರೂ ಕೊಳ್ಳಬೇಡಿ' ಅಂದವನನ್ನು ಏನು ಮಾಡಬೇಕು ಅಂತ ನನಗಿನ್ನೂ ತಿಳಿದಿಲ್ಲ, ಪಾಪ.

ಭಾಷೆಯ ವಿಷಯವೂ ಬಂತು. 2025ರ ಸೆಪ್ಟೆಂಬರ್ 4ಕ್ಕೆ ಹಾಲೋ ನೈಟ್: ಸಿಲ್ಕ್‌ಸಾಂಗ್ ಬಂದಾಗ ಇಂಗ್ಲಿಷ್‌ನಲ್ಲಿ ಬರೆದವರು ಹೊಗಳುತ್ತಿದ್ದರೆ ಚೀನೀ ಭಾಷೆಯ ರಿವ್ಯೂಗಳು ನೆಗೆಟಿವ್ ಕಡೆ ಜಾರಿದ್ದವು. ಗೇಮ್ ಒಂದೇ. ತೊಂದರೆ ಇದ್ದದ್ದು ಅನುವಾದದಲ್ಲಿ: ಯಾವುದೋ ಹಳೇ ಕಾಲದ ಶೈಲಿ, ಓದಿದವರಿಗೆಲ್ಲ ಕಸಿವಿಸಿ. ಸೊಪ್ಪಿನ ಅಂಗಡಿಯವನು ಹಳಗನ್ನಡದಲ್ಲಿ ಚೌಕಾಸಿ ಮಾಡಿದರೆ ಹೇಗಿರುತ್ತದೆ, ಹಾಗೆ ಅಂತ ನಾನು ಊಹಿಸಿಕೊಂಡೆ. ಅದಕ್ಕೂ ಸ್ವಲ್ಪ ಮುಂಚೆ, ಆಗಸ್ಟ್‌ನಲ್ಲೇ, ಸ್ಟೀಮ್ ಒಂದೊಂದು ಭಾಷೆಗೂ ಬೇರೆ ಬೇರೆ ಸ್ಕೋರ್ ತೋರಿಸಲು ಶುರುಮಾಡಿತ್ತು. ನೀವು ಇಂಗ್ಲಿಷ್‌ನಲ್ಲಿ ಆಡುವವರಾದರೆ ಇಂಗ್ಲಿಷ್ ಸ್ಕೋರ್ ನೋಡಿ, ಅಷ್ಟೇ.

ಇನ್ನು ನನ್ನ ಗಾಯದ ವಿಷಯ, ಮೆಷಿನ್. 2025ರ ಫೆಬ್ರವರಿ 28ಕ್ಕೆ ಮಾನ್ಸ್ಟರ್ ಹಂಟರ್ ವೈಲ್ಡ್ಸ್ ಬಂತು. ವಿಮರ್ಶಕರ ಅಂಕ 90ರ ಹತ್ತಿರ. ಒಂದೇ ಹೊತ್ತಿಗೆ 13 ಲಕ್ಷಕ್ಕೂ ಜಾಸ್ತಿ ಜನ ಸ್ಟೀಮ್‌ನಲ್ಲಿ ಆಡಿದರು. ಆದರೂ ಬಿಡುಗಡೆಯ ದಿನ ಅಲ್ಲಿ ಕಂಡದ್ದು 'ಮಿಕ್ಸ್ಡ್'. ಬೈದವರಲ್ಲಿ ತುಂಬಾ ಜನ ಗೇಮ್ ಬೈಯುತ್ತಿರಲಿಲ್ಲ, ಪಿಸಿಯಲ್ಲಿ ಅದು ಓಡುವ ರೀತಿ ಬೈಯುತ್ತಿದ್ದರು. ಎಂಥ ಮೆಷಿನ್ ಇದ್ದರೆ ಒಳ್ಳೆಯದು ಅಂತ ಕಂಪನಿಯೇ ಹೇಳುವ ರೆಕಮೆಂಡೆಡ್ ಸ್ಪೆಕ್ ಪಟ್ಟಿಯಲ್ಲೇ ಸುಳಿವಿತ್ತು: 1080ಪಿ ಸ್ಪಷ್ಟತೆ, ಸೆಕೆಂಡಿಗೆ 60 ಫ್ರೇಮ್, ಆದರೆ ಫ್ರೇಮ್ ಜನರೇಷನ್ ಹಾಕಿಕೊಂಡರೆ. ಫ್ರೇಮ್ ಜನರೇಷನ್ ಅಂದರೆ ಎರಡು ನಿಜವಾದ ಫ್ರೇಮ್ ನಡುವೆ ಮೆಷಿನ್ ತಾನೇ ಒಂದು ಹುಟ್ಟಿಸಿ ತುಂಬುವುದು. ಹಾಲಿಗೆ ನೀರು ಬೆರೆಸಿದರೂ ಲೋಟ ತುಂಬುತ್ತದೆ. ಈ ಸಣ್ಣ ಅಕ್ಷರ ಓದಿ. ಆಮೇಲೆ ಯೂಟ್ಯೂಬ್‌ನಲ್ಲಿ ಗೇಮ್ ಹೆಸರು, ನಿಮ್ಮ ಗ್ರಾಫಿಕ್ಸ್ ಕಾರ್ಡ್ ಹೆಸರು, ಜೊತೆಗೆ 'ಲ್ಯಾಪ್‌ಟಾಪ್' ಅಂತಲೂ ಸೇರಿಸಿ ಹುಡುಕಿ. ಒಂದೇ ನಂಬರಿನ ಕಾರ್ಡ್ ಡೆಸ್ಕ್‌ಟಾಪ್‌ನಲ್ಲಿ ಓಡುವ ವೇಗ ಲ್ಯಾಪ್‌ಟಾಪ್‌ನಲ್ಲಿ ಬರುವುದಿಲ್ಲ. ಮೊದಲ ಹತ್ತು ನಿಮಿಷದ ಗುಹೆಯಲ್ಲ, ಊರು ಅಥವಾ ಪೇಟೆ ಬರುವ ಜಾಗ ನೋಡಿ. ಉಸಿರು ಕಟ್ಟುವುದು ಅಲ್ಲೇ.

ಯಾವ ಪ್ಲಾಟ್‌ಫಾರ್ಮಿನ ಅಂಕ, ಯಾವತ್ತಿನ ಅಂಕ ಅನ್ನುವುದಕ್ಕೆ ಸೈಬರ್‌ಪಂಕ್ 2077ಕ್ಕಿಂತ ದೊಡ್ಡ ಪಾಠ ಇಲ್ಲ. 2020ರ ಡಿಸೆಂಬರ್ 10ರ ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟಿದ್ದು ಪಿಸಿ ಕಾಪಿ ಮಾತ್ರ. ತಾವು ಆಡಿದ ವಿಡಿಯೋ ತೋರಿಸುವ ಹಾಗೂ ಇರಲಿಲ್ಲ. ಪಿಸಿಗೆ ಮೊದಲು 90ರ ಆಸುಪಾಸು ಬಂತು (ಆಮೇಲೆ 86ಕ್ಕೆ ಇಳಿಯಿತು), ಸೋನಿಯ ಪಿಎಸ್4 ಕನ್ಸೋಲ್ ಇದ್ದವರೂ ಅದನ್ನೇ ನಂಬಿ ಕೊಂಡರು. ಪಿಎಸ್4 ರಿವ್ಯೂಗಳು ಬಂದಮೇಲೆ ಅದರ ಅಂಕ ನಿಂತಿದ್ದು 57ಕ್ಕೆ. ಸುಮಾರು ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆಯಿತು, ಮತ್ತೆ ಇಟ್ಟಿದ್ದು 2021ರ ಜೂನ್‌ನಲ್ಲಿ. ಆದರೆ 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಆದಮೇಲೆ ಪಿಸಿಯಲ್ಲಿ, ಹೊಸ ಕನ್ಸೋಲ್‌ಗಳಲ್ಲಿ ಅದು ಬೇರೆಯೇ ಗೇಮ್ (ಪಿಎಸ್4ಗೆ ಆ ಅಪ್‌ಡೇಟ್ ಬರಲಿಲ್ಲ). ಈಗ ಯಾರಾದರೂ 2020ರ ರಿವ್ಯೂ ಓದಿ 'ಅಯ್ಯೋ ಬೇಡ' ಅಂದರೆ ಅದೇ ತಪ್ಪನ್ನು ತಿರುಗಿಸಿ ಮಾಡಿದಂತೆ. ರಿವ್ಯೂ ತೆರೆದ ಕೂಡಲೇ ತಾರೀಖು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಬಿಡುಗಡೆ ದಿನದವರೆಗೂ ಒಂದೇ ಒಂದು ರಿವ್ಯೂ ಬರಲಿಲ್ಲ ಅಂದರೆ ಸಾಮಾನ್ಯವಾಗಿ ಕಾಯುವುದು ಒಳ್ಳೆಯದು. ಕಂಪನಿಗೆ ತನ್ನ ಗೇಮ್ ಮೇಲೆ ನಂಬಿಕೆ ಇದ್ದರೆ ವಿಮರ್ಶಕರಿಗೆ ನಾಲ್ಕು ದಿನ ಮುಂಚೆಯೇ ಬಾಯಿ ಬಿಡಲು ಬಿಡುತ್ತದೆ. ಸಿಲ್ಕ್‌ಸಾಂಗ್ ಇದಕ್ಕೂ ಅಪವಾದ, ಮಾಡಿದವರು ಯಾರಿಗೂ ಮುಂಚಿತವಾಗಿ ಕಾಪಿ ಕೊಡಲಿಲ್ಲ, ಆದರೂ ಗೇಮ್ ಭರ್ಜರಿ. ಅಪವಾದ ಅಪವಾದವೇ. ಮುಂಗಡ ಬುಕಿಂಗ್ ಮಾತ್ರ ಮಾಡಬೇಡಿ. ಡಿಜಿಟಲ್ ಕಾಪಿ ಖಾಲಿ ಆಗಿಹೋಗುವುದಕ್ಕೆ ಅದೇನು ನಂದಿನಿ ಹಾಲಾ?

ಜನ ಗುಂಪುಗೂಡಿ ಸೊನ್ನೆ ಒತ್ತುವುದೂ ಇದೆ, ರಿವ್ಯೂ ಬಾಂಬಿಂಗ್ ಅಂತಾರೆ. 2020ರ ಜೂನ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಬಂದಾಗ ವಿಮರ್ಶಕರು 93 ಕೊಟ್ಟರೆ, ಇಪ್ಪತ್ತಕ್ಕೂ ಹೆಚ್ಚು ಗಂಟೆಯ ಆ ಗೇಮ್‌ಗೆ ಕೆಲವೇ ಗಂಟೆಯಲ್ಲಿ ಸಾವಿರಾರು ಸೊನ್ನೆ ಬಿದ್ದವು. ಮುಂದಿನ ತಿಂಗಳೇ ಮೆಟಾಕ್ರಿಟಿಕ್ ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರು ಬರೆಯುವ ಹಾಗಿಲ್ಲ ಅಂತ ಮಾಡಿತು. ಹಾಗಂತ ಗುಂಪಿನ ಕೋಪವೆಲ್ಲ ಸುಳ್ಳಲ್ಲ. 2024ರ ಮೇನಲ್ಲಿ ಹೆಲ್‌ಡೈವರ್ಸ್ 2ಗೆ ಸ್ಟೀಮ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ನೆಗೆಟಿವ್ ಬಿದ್ದವು, ಕಾರಣ ಸೋನಿಯ ಆನ್‌ಲೈನ್ ಸೇವೆ ಪಿಎಸ್‌ಎನ್‌ನ ಅಕೌಂಟ್ ಕಡ್ಡಾಯ ಮಾಡಿದ್ದು. ಪಿಎಸ್‌ಎನ್ ಇಲ್ಲದ ದೇಶದವರು ದುಡ್ಡು ಕೊಟ್ಟೂ ಆಚೆ ಉಳಿಯುತ್ತಿದ್ದರು. ನಮ್ಮ ದೇಶದಲ್ಲಿ ಪಿಎಸ್‌ಎನ್ ಇದೆ, ನಮಗೆ ಅಷ್ಟು ಬಿಸಿ ತಟ್ಟಲಿಲ್ಲ. ಕೆಲವೇ ದಿನಕ್ಕೆ ಸೋನಿ ಹಿಂದೆ ಸರಿಯಿತು, ತುಂಬಾ ಜನ ಹೆಬ್ಬೆರಳನ್ನು ಮತ್ತೆ ಮೇಲಕ್ಕೆ ತಿರುಗಿಸಿದರು. ಹಾಗಾಗಿ ಕೆಂಪು ಕಂಡರೆ ಹೊಸದಾಗಿ ಬಿದ್ದ ಹತ್ತು ರಿವ್ಯೂ ಓದಿ. ಕಾರಣ ನಿಮಗೆ ಸಂಬಂಧಪಟ್ಟಿದ್ದಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

'ಎಲ್ಲ ದುಡ್ಡು ತಗೊಂಡು ಬರೆಯುತ್ತಾರೆ' ಅನ್ನುವವರಿಗೆ ಒಂದು ಮಾತು. ಕವರ್‌ನಲ್ಲಿ ನೋಟು ಇಟ್ಟು ಕೊಡುವ ಕಥೆ ಸಿನಿಮಾದ್ದು. ಒತ್ತಡ ಬರುವುದು ಜಾಹೀರಾತಿನ ಕಡೆಯಿಂದ, ಮುಂಗಡ ಕಾಪಿಯ ಆಸೆಯಿಂದ. 2007ರಲ್ಲಿ ಕೇನ್ ಅಂಡ್ ಲಿಂಚ್ ಗೇಮ್‌ಗೆ 6 ಕೊಟ್ಟ, ಗೇಮ್‌ಸ್ಪಾಟ್ ಅನ್ನುವ ರಿವ್ಯೂ ಸೈಟಿನ ಜೆಫ್ ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡರು, ಆ ಹೊತ್ತಿಗೆ ಆ ಸೈಟಿನ ತುಂಬ ಅದೇ ಗೇಮ್‌ನ ಜಾಹೀರಾತು. ಅಂಥ ಒತ್ತಡದಲ್ಲೂ ನಿಷ್ಠುರವಾಗಿ ಬರೆಯುವವರು ಇದ್ದಾರೆ. ನಿಮ್ಮ ರುಚಿಗೆ ಹೊಂದುವ ಒಬ್ಬರನ್ನು ಹುಡುಕಿಕೊಳ್ಳಿ: ನೀವು ಈಗಾಗಲೇ ಆಡಿ ಮುಗಿಸಿದ ಮೂರು ಗೇಮ್‌ಗೆ ಅವರು ಏನು ಬರೆದಿದ್ದಾರೆ ನೋಡಿ, ಎರಡರಲ್ಲಿ ತಾಳೆಯಾದರೆ ಸಾಕು. ಯಾವಾಗಲೂ ನಿಮಗೆ ಉಲ್ಟಾ ಹೊಡೆಯುವವರು ಸಿಕ್ಕರೆ ಇನ್ನೂ ಒಳ್ಳೆಯದು, ಅವರು ಬೈದದ್ದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಕನ್ನಡದಲ್ಲಿ ಆಡುತ್ತಾ ಮಾತಾಡುವ ಚಾನೆಲ್‌ಗಳೂ ಈಗ ಸಾಕಷ್ಟಿವೆ. ಅವರು ಹೊಗಳುವುದನ್ನು ಬಿಡಿ, ಮಾತು ನಿಲ್ಲಿಸಿ ಸುಮ್ನೆ ಆಡುತ್ತಿರುವ ಹತ್ತು ನಿಮಿಷ ನೋಡಿ.

ಮಕ್ಕಳಿಗೆ ಕೊಳ್ಳುವವರಿಗೆ ಇಷ್ಟು: ಡಬ್ಬದ ಮೇಲಿನ 12, 16, 18 ಅನ್ನುವುದು ಅಂಕವಲ್ಲ, ವಯಸ್ಸು.

ಕೊನೆಗೆ ಆ ಎರಡು ಗಂಟೆ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್. ಇದು ನೀವೇ ಬರೆದುಕೊಳ್ಳುವ ರಿವ್ಯೂ ಅಂದುಕೊಳ್ಳಿ. ಫೋನ್‌ನಲ್ಲಿ ಒಂದೂವರೆ ಗಂಟೆಗೆ ಅಲಾರ್ಮ್ ಇಡಿ. ಗೇಮ್ ತೆರೆದ ಮೇಲೆ ನಡೆಯುವ ಶೇಡರ್ ಕೆಲಸವೂ ಲೆಕ್ಕಕ್ಕೆ ಬರುತ್ತದೆ, ನೆನಪಿರಲಿ. ಮೂಗು, ಹುಬ್ಬು ಆಮೇಲೆ ಆರಿಸಿ, ಸಿಕ್ಕ ಮುಖವನ್ನೇ ತಗೊಂಡು ಮುಂದೆ ಹೋಗಿ, ವಿಡಿಯೋಗಳನ್ನು ಸ್ಕಿಪ್ ಮಾಡಿ ಮೊದಲ ಪೇಟೆಗೆ ಮುಟ್ಟಿ. ಅಲ್ಲಿ ಸರಿಯಾಗಿ ಓಡಿದರೆ ಹೊಸದಾಗಿ ಶುರುಮಾಡಿ ನಿಧಾನಕ್ಕೆ ಆಡಿ. ಪಿಎಸ್5ನವರಿಗೆ ಈ ಭಾಗ್ಯ ಇಲ್ಲ, ಸೋನಿಯ ಆನ್‌ಲೈನ್ ಅಂಗಡಿಯಿಂದ ಡೌನ್‌ಲೋಡ್ ಶುರುಮಾಡಿದರೆ ಸಾಮಾನ್ಯವಾಗಿ ಮುಗಿಯಿತು. ಅವರು ಡಿಸ್ಕ್ ಕೊಳ್ಳುವುದು ವಾಸಿ, ಹಿಡಿಸದಿದ್ದರೆ ಸೆಕೆಂಡ್ ಹ್ಯಾಂಡ್‌ಗೆ ಮಾರಿ ಅರ್ಧಕ್ಕಿಂತ ಜಾಸ್ತಿ ದುಡ್ಡು ಎತ್ತಬಹುದು. ಡಿಸ್ಕ್ ಡ್ರೈವ್ ಇಲ್ಲದ ಪಿಎಸ್5 ತಗೊಂಡವರು ಮಾತ್ರ ಕಮ್ಮಿ ಅಂಕದ ರಿವ್ಯೂ ಇನ್ನೂ ಎರಡು ಜಾಸ್ತಿಯೇ ಓದಲಿ.