ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್: ಬಣ್ಣ ಆಮೇಲೆ, ನೆಕ್ ಮೊದಲು
ಹಳೇ ಬೇಸ್ ಹುಡುಕಲು ಹೊರಟರೆ ಹೀಗಾಗುವುದೇ ಜಾಸ್ತಿ. ಒಂದು ಫಳಫಳ ಹೊಳೆಯುತ್ತಿರುತ್ತದೆ, ಬೆಲೆಯೂ ಕಡಿಮೆ. ಇನ್ನೊಂದರ ಬಣ್ಣ ಅಲ್ಲಲ್ಲಿ ಕಿತ್ತಿದೆ, ಬೆಲ್ಟ್ ತಾಗಿ ತಾಗಿ ಬೆನ್ನೆಲ್ಲ ಗೀರು, ಆದರೂ ಐದು ಸಾವಿರ ಜಾಸ್ತಿ ಕೇಳುತ್ತಾರೆ. ಕಣ್ಣು ಹೊಳೆಯುವುದರ ಮೇಲೇ ಹೋಗುತ್ತದೆ, ಅಲ್ವಾ? ನನ್ನ ಮೊದಲ ಬೇಸ್ ಹಾಗೇ ಬಂದಿದ್ದು. ಒಂದೇ ಒಂದು ಗೀರಿರಲಿಲ್ಲ. ನನ್ನ ಬೆರಳೇ ಸರಿಯಿಲ್ಲ ಅಂತ ಆರು ತಿಂಗಳು ಬೈದುಕೊಂಡ ಮೇಲೆ ಗೊತ್ತಾಯಿತು, ಅದರ ನೆಕ್, ಅಂದರೆ ತಂತಿ ಒತ್ತಿ ನುಡಿಸುವ ಉದ್ದನೆಯ ಮರದ ಭಾಗ, ತಿರುಚಿಕೊಂಡಿತ್ತು.

ಹಾಗಾಗಿ ಕೈಗೆ ಸಿಕ್ಕ ಕೂಡಲೇ ನುಡಿಸಬೇಡಿ. ಬಡಗಿ ಹಲಗೆಯ ಅಂಚು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿ. ಸಾಮಾನ್ಯ ಬೇಸ್‌ನ ಸ್ಕೇಲ್ (ತಂತಿ ಕಂಪಿಸುವ ಉದ್ದ) 34 ಇಂಚು, ನಾಲ್ಕು ತಂತಿ ಸೇರಿ ಹಗಲೂ ರಾತ್ರಿ ಸುಮಾರು 70-80 ಕೆ.ಜಿ. ಬಲದಲ್ಲಿ ಎಳೆಯುತ್ತಿರುತ್ತವೆ, ಮರ ಸ್ವಲ್ಪ ಬಾಗುವುದು ಸಹಜ. ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಏಳು-ಎಂಟನೇ ಫ್ರೆಟ್ ಹತ್ತಿರ ತಂತಿ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಜಾಗ ಇದ್ದರೆ ಚೆನ್ನಾಗಿದೆ. ಜಾಸ್ತಿ ಇದ್ದರೆ ನೆಕ್ ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ಬಿಗಿ ಮಾಡಿ ಸರಿಪಡಿಸಬಹುದು, ಆದರೆ ಅದು ತಿರುಗುತ್ತದಾ ಅಂತ ಮಾರುವವರ ಕೈಯಲ್ಲೇ ನಿಮ್ಮೆದುರು ಸ್ವಲ್ಪ ತಿರುಗಿಸಿ ನೋಡಿ. ಅದು ಜಾಮ್ ಆಗಿದ್ದರೆ ಅಥವಾ ನೆಕ್‌ನ ಎರಡು ಅಂಚು ಎರಡು ಥರ ಬಾಗಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ ಅಂದುಬಿಡಿ.

ಆಮೇಲೆ ಆಂಪ್ಲಿಫೈಯರ್‌ಗೆ ಹಾಕದೆ ಪ್ರತಿ ತಂತಿಯ ಪ್ರತಿ ಫ್ರೆಟ್ ನಿಧಾನಕ್ಕೆ ನುಡಿಸಿ. ಬೋರ್ ಹೊಡೆಯುತ್ತದೆ, ಪರವಾಗಿಲ್ಲ. ಒಂದೇ ಜಾಗದಲ್ಲಿ ಜರ್ ಅಂದರೆ ಆ ಫ್ರೆಟ್ ಸವೆದಿರಬಹುದು, ಅಥವಾ ಅದರ ಮುಂದಿನದ್ದು ಎದ್ದಿರಬಹುದು. ತಂತಿ ಕೆಳಗೆ ಫ್ರೆಟ್‌ನಲ್ಲಿ ಆಳವಾದ ಕಾಲುವೆ ಬಿದ್ದಿದ್ದರೆ ಫ್ರೆಟ್ ಬದಲಿಸಬೇಕಾದೀತು, ಅದು ದುಬಾರಿ ಕೆಲಸ. ಎಲ್ಲಕ್ಕಿಂತ ತೆಳುವಾದ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಸ್ವರ ಬೇಗ ಸತ್ತುಹೋದರೆ ಅದು ಡೆಡ್ ಸ್ಪಾಟ್. ಫೆಂಡರ್ ಕಂಪನಿಯ ಒಳ್ಳೊಳ್ಳೆಯ ಬೇಸ್‌ಗಳಲ್ಲೂ ಇರುತ್ತದೆ, ಸೆಟಪ್ (ತಂತಿಯ ಎತ್ತರ, ನೆಕ್‌ನ ಬಾಗು ಹೊಂದಿಸುವ ಕೆಲಸ) ಮಾಡಿಸಿದರೆ ಹೋಗುವುದಿಲ್ಲ, ನಿಮ್ಮ ಕಿವಿಗೆ ಒಗ್ಗುತ್ತದಾ ನೋಡಿಕೊಳ್ಳಿ.

ಈಗ ಕೇಬಲ್ ಹಾಕಿ. ನಾಬ್ ತಿರುಗಿಸಿದಾಗ ಕರಕರ ಅಂದರೆ ಹೆದರಬೇಡಿ, ಹೆಚ್ಚಿನ ಸಲ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಮುಗಿಯಿತು. ತಂತಿಯ ಕಂಪನ ಹಿಡಿಯುವ ಪಿಕಪ್ ಎರಡಿರುವ ಜಾಝ್ ಬೇಸ್ ಥರದ ಮಾಡೆಲ್‌ನಲ್ಲಿ ಒಂದೇ ಪಿಕಪ್ ಇಟ್ಟಾಗ ಗುಂಯ್ ಅನ್ನುವುದು, ಎರಡೂ ಪೂರ್ತಿ ಏರಿಸಿದಾಗ ಅದು ಅಡಗುವುದು ಅದರ ಗುಣ, ದೋಷ ಅಲ್ಲ. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವುದು) ಆದರೆ 9 ವೋಲ್ಟ್ ಬ್ಯಾಟರಿ ಇಡುವ ಜಾಗ ತೆರೆಸಿ, ಬ್ಯಾಟರಿ ಸೋರಿ ಹಸಿರು ಕಟ್ಟಿದೆಯಾ ನೋಡಿ. ಮಂಗಳೂರು, ಉಡುಪಿ ಕಡೆಯಿಂದ ಬಂದದ್ದಾದರೆ ತಂತಿಗಳ ಕೆಳತುದಿ ಕೂರುವ ಬ್ರಿಜ್‌ನ ಸ್ಕ್ರೂಗಳ ಮೇಲೂ ಒಂದು ಕಣ್ಣಿರಲಿ, ಉಪ್ಪು ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ಸ್ಟ್ರಾಪ್ ಹಾಕಿ ಹತ್ತು ನಿಮಿಷ ನಿಲ್ಲಿ. ನಾಲ್ಕೂವರೆ ಕೆ.ಜಿ. ದಾಟಿದರೆ ಭುಜ ತಾನಾಗಿಯೇ ಹೇಳುತ್ತದೆ. ನೆಕ್ ತುದಿಯ ಹೆಡ್‌ಸ್ಟಾಕ್ ಮೇಲಿನ ಹೆಸರನ್ನು ಮಾತ್ರ ಸುಮ್ನೆ ನಂಬಬೇಡಿ. ಸ್ಕ್ವಯರ್ ಫೆಂಡರ್‌ನವರದೇ ಅಗ್ಗದ ಬ್ರ್ಯಾಂಡ್, ಅದಕ್ಕೆ ಫೆಂಡರ್ ಅಂತ ಸ್ಟಿಕರ್ ಅಂಟಿಸಿ ಮಾರುವವರೂ ಇದ್ದಾರೆ. ಹಾಗಂತ ಸ್ಕ್ವಯರ್ ಕೀಳಲ್ಲ, ಸ್ಕ್ವಯರ್ ಬೆಲೆಗೇ ಸಿಗಬೇಕು ಅಷ್ಟೇ.

ಎರಡೂ ನೋಡಿಯಾದ ಮೇಲೆ ಹೊಸ ತಂತಿ, ಸೆಟಪ್, ರಿಪೇರಿ ಎಲ್ಲ ಬೆಲೆಗೆ ಕೂಡಿಸಿ. ಎಷ್ಟೋ ಸಲ ಅಗ್ಗದ್ದೇ ದುಬಾರಿ ಬೀಳುತ್ತದೆ. ನೆಕ್ ನೆಟ್ಟಗಿರುವ ಆ ಗೀರು ಬಿದ್ದದ್ದನ್ನೇ ಆರಿಸಿದರೆ, ಚೌಕಾಸಿಗೆ ಕೂತಾಗ ಒಂದೊಂದೇ ಗೀರು ತೋರಿಸಿ ಮುಖ ಸಿಂಡರಿಸಿ. ಐದು ಸಾವಿರದಲ್ಲಿ ಎರಡಾದರೂ ಇಳಿಯಬಹುದು.