ಬಾಗಿಲು ಹಾಕಿ ನೋಡದೆ ಕೊಂಡ ಎಂಜಿಬಿ

2021ರ ಮೇ ತಿಂಗಳಲ್ಲಿ 1,500 ಪೌಂಡ್ ಕೊಟ್ಟು 1972ರ ಒಂದು ಎಂಜಿಬಿ ರೋಡ್‌ಸ್ಟರ್ ಕೊಂಡೆ, ಅಂದರೆ ಮೇಲೆ ಸೂರಿಲ್ಲದ ಎರಡು ಸೀಟಿನ ಬ್ರಿಟಿಷ್ ಕಾರು. ಕಾರು ಅಂದರೆ ಪೂರ್ತಿ ಕಾರಲ್ಲ. ನಾಲ್ಕು ಚಕ್ರದ ಮೇಲೆ ನಿಂತ ಬಾಡಿ, ಮರದ ಹಲಗೆ ಮೇಲೆ ಕೂರಿಸಿದ ಎಂಜಿನ್, ಗೋಡೆಗೆ ಒರಗಿಸಿದ ಎರಡು ಬಾಗಿಲು, ಹದಿನಾಲ್ಕು ರಟ್ಟಿನ ಪೆಟ್ಟಿಗೆ. ಇಂಥ ಅರ್ಧಂಬರ್ಧ ಕಾರು ಕೊಳ್ಳೋ ಯೋಚನೆ ಇರುವವರು ಆಗಾಗ ನನ್ನನ್ನು ಕೇಳುತ್ತಿರುತ್ತಾರೆ, ಅವರಿಗಾಗಿ ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ಎಂಜಿಬಿಯೇ ಯಾಕೆ ಅಂತ ಮೊದಲು ಹೇಳುತ್ತೇನೆ. ನಾನಿರುವುದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ಈ ಕಾರಿನ ಬಾಡಿಯ ತಗಡು ಒತ್ತಿ ಜೋಡಿಸುತ್ತಿದ್ದದ್ದು ಇದೇ ಊರಿನ ಪ್ರೆಸ್ಡ್ ಸ್ಟೀಲ್ ಕಾರ್ಖಾನೆಯಲ್ಲಿ. ಈಗ ಅಲ್ಲಿ ಮಿನಿ ಕಾರಿನ ತಗಡು ಒತ್ತುತ್ತಾರೆ. ಎಂಜಿಬಿ ಪೂರ್ತಿ ಕಾರಾಗಿ ಹೊರಬರುತ್ತಿದ್ದದ್ದು ಆಬಿಂಗ್ಡನ್ ಊರಿನ ಕಾರ್ಖಾನೆಯಿಂದ. 1962ರಿಂದ 1980ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೆ 5 ಲಕ್ಷಕ್ಕೂ ಹೆಚ್ಚು ಮಾಡಿದರು. ಇದು ಬಹಳ ಮುಖ್ಯ. ಅಷ್ಟು ಕಾರು ತಯಾರಾಗಿದ್ದರಿಂದಲೇ ಇವತ್ತಿಗೂ ಅದರ ಬಿಡಿಭಾಗ ಸಿಗುತ್ತದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನೋ ಕಂಪನಿಯವರು 1988ರಿಂದ ಪೂರ್ತಿ ಹೊಸ ಬಾಡಿಯನ್ನೇ ಮಾಡಿ ಕೊಡುತ್ತಿದ್ದಾರೆ. ಮೊದಲ ಸಲ ಇಂಥ ಕೆಲಸಕ್ಕೆ ಕೈ ಹಾಕುವವರು ಇಂಥ ಕಾರನ್ನೇ ಆರಿಸಿಕೊಳ್ಳಿ. ನೂರಿನ್ನೂರು ಮಾತ್ರ ತಯಾರಾದ ಕಾರು ಎಷ್ಟೇ ಚೆಂದ ಇರಲಿ, ಅದರಲ್ಲಿ ಒಂದು ಕಿಟಕಿ ಹಿಡಿಕೆ ಇಲ್ಲ ಅಂದರೂ ವರ್ಷಗಟ್ಟಲೆ ಹುಡುಕಬೇಕು.

ಇನ್ನೊಂದು ಕಾರಣ ಎಂಜಿನ್. ಅಪ್ಪ ಶಿವಮೊಗ್ಗದಲ್ಲಿ ಮೂವತ್ತು ವರ್ಷ ಗ್ಯಾರೇಜ್ ಇಟ್ಟಿದ್ದವರು, ಅವರ ಕೈಯಲ್ಲಿ ಜಾಸ್ತಿ ಓಡಾಡಿದ್ದು ಅಂಬಾಸಿಡರ್ ಟ್ಯಾಕ್ಸಿಗಳು. ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಅನ್ನೋ ಸಾಲಿನದು. ಎಂಜಿಬಿಯ 1798 ಸಿಸಿ ಎಂಜಿನ್ ಕೂಡ ಅದೇ ಬಿ ಸೀರೀಸ್. ಅಣ್ಣ ತಮ್ಮ ಇದ್ದ ಹಾಗೆ. ಬಾನೆಟ್ ತೆಗೆದು ನೋಡಿದರೆ ನನಗೆ ಗುರುತಿರುವ ಮುಖವೇ.

ಮಾರುವವರಿದ್ದದ್ದು ಹೆರೆಫರ್ಡ್ ಹತ್ತಿರದ ಹಳ್ಳಿಯಲ್ಲಿ. ಎಪ್ಪತ್ತು ದಾಟಿದ ಹಿರಿಯರು, ಬಹಳ ಒಳ್ಳೆಯ ಮನುಷ್ಯ. ಇಪ್ಪತ್ತು ವರ್ಷದ ಹಿಂದೆ ಕಾರನ್ನು ಬಿಚ್ಚಿದ್ದರು, ಆಮೇಲೆ ಮಂಡಿ ನೋವು ಶುರುವಾಗಿ ತಾವೇ ಮಾಡುವ ಕೆಲಸ ಅಲ್ಲಿಗೇ ನಿಂತಿತ್ತು. 'ಎಲ್ಲಾ ಇದೆ, ಒಂದೆರಡು ಸಣ್ಣಪುಟ್ಟ ಬಿಟ್ಟರೆ' ಅಂದರು. ಅವರು ಸುಳ್ಳು ಹೇಳಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಯಾವುದನ್ನು ಎಲ್ಲಿಟ್ಟೆ ಅನ್ನೋದು ಯಾರಿಗೆ ತಾನೇ ನೆನಪಿರುತ್ತೆ? ಆದ್ದರಿಂದ ಮಾರುವವರ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ನೀವೇ ಎಣಿಸಿಕೊಳ್ಳಬೇಕು.

ನಾನು ಹೋಗುವಾಗ ಬಿಡಿಭಾಗಗಳ ಕ್ಯಾಟಲಾಗಿನ ಚಿತ್ರಗಳನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಒಂದೊಂದೇ ಪೆಟ್ಟಿಗೆ ಬಿಚ್ಚಿ, ಇರೋದಕ್ಕೆಲ್ಲ ಪೆನ್ನಿನಿಂದ ಗುರುತು ಹಾಕುತ್ತಾ ಹೋದೆ. ಮೂರು ಗಂಟೆ ಹಿಡಿಯಿತು, ಅವರ ಮನೆಯವರು ಎರಡು ಸಲ ಟೀ ತಂದುಕೊಟ್ಟರು. ಕೊನೆಗೆ ಗುರುತು ಬೀಳದೆ ಉಳಿದದ್ದೇ ನನಗೆ ಬೇಕಾಗಿದ್ದ ಪಟ್ಟಿ. ಗೇರ್‌ಬಾಕ್ಸ್ ಇರಲೇ ಇಲ್ಲ, ಯಾವಾಗಲೋ ಯಾರೋ ಗೆಳೆಯರಿಗೆ ಕೊಟ್ಟಿದ್ದು ಆಗ ಅವರಿಗೆ ನೆನಪಾಯಿತು. ಎಸ್‌ಯು ಕಾರ್ಬ್ಯುರೇಟರ್ ಎರಡರಲ್ಲಿ ಒಂದೇ ಇತ್ತು. ಮುಂದಿನ ಗಾಜಿನ ಅಲ್ಯೂಮಿನಿಯಂ ಚೌಕಟ್ಟು ಇಲ್ಲ, ಮೇಲಿನ ಬಟ್ಟೆ ಹುಡ್ ಮಡಚೋ ಕಂಬಿಗಳಿಲ್ಲ. ಸ್ಪೀಡೋಮೀಟರ್ ಇತ್ತು, ಪಕ್ಕದ ಆಯಿಲ್ ಪ್ರೆಷರ್ ಗೇಜ್ ಇಲ್ಲ. ಹೀಗೆ ಮೂವತ್ತೊಂದು ಸಾಮಾನು.

ಪಟ್ಟಿಯ ಉದ್ದ ನೋಡಿ ಹೆದರಬೇಡಿ, ಅದರಲ್ಲಿ ಏನಿದೆ ಅಂತ ನೋಡಿ. ಅಂಗಡಿಯಲ್ಲಿ ಹೊಸದೇ ಸಿಗೋದಾದರೆ ಬರೀ ದುಡ್ಡಿನ ಪ್ರಶ್ನೆ. ಸೆಕೆಂಡ್ ಹ್ಯಾಂಡ್ ಮಾತ್ರ ಸಿಗೋದಾದರೆ ದುಡ್ಡಿನ ಜೊತೆ ಕಾಯುವ ಕೆಲಸ. ಆದರೆ ಬಾಗಿಲ ಕೀಲಿನ ಹಿಂದೆ ಇಡುವ ತೆಳು ತಗಡಿನ ಶಿಮ್, ಡ್ಯಾಶ್‌ಬೋರ್ಡ್ ಹಿಡಿದಿಡೋ ಪುಟ್ಟ ಬ್ರಾಕೆಟ್ ಇಂಥವು ಕ್ಯಾಟಲಾಗಿನಲ್ಲಿ ಕಣ್ಣಿಗೇ ಬೀಳೋದಿಲ್ಲ, ಜೋಡಿಸೋಕೆ ಕೂತಾಗ ಅದೊಂದಿಲ್ಲದೆ ಇಡೀ ವಾರ ಕೆಲಸ ನಿಂತುಹೋಗುತ್ತದೆ. ಆ ಹಿರಿಯರು ಕೇಳಿದ್ದು 2,200 ಪೌಂಡ್. ನಾನು ಪಟ್ಟಿಯನ್ನು ಅವರ ಮುಂದೆಯೇ ಇಟ್ಟು, ಓವರ್‌ಡ್ರೈವ್ (ವೇಗವಾಗಿ ಹೋಗುವಾಗ ಎಂಜಿನ್ ನಿಧಾನಕ್ಕೆ ತಿರುಗಲು ಇರುವ ಹೆಚ್ಚಿನ ಗೇರ್) ಇರುವ ರಿಪೇರಿ ಆದ ಗೇರ್‌ಬಾಕ್ಸ್‌ಗೇ ಸಾವಿರ ಪೌಂಡ್ ಮೇಲಾಗುತ್ತೆ ಅಂತ ವಿವರಿಸಿದೆ. ಅವರೇ 1,500ಕ್ಕೆ ಇಳಿದರು. ನಾನು ಮತ್ತೆ ಚೌಕಾಸಿ ಮಾಡಲಿಲ್ಲ.

ಕಾಗದಪತ್ರ ಸರಿಯಾಗಿತ್ತು. ಇಲ್ಲಿ ಆರ್‌ಸಿ ಬುಕ್ಕಿನ ಹಾಗೆ ವಿ5ಸಿ ಅಂತ ಇರುತ್ತದೆ. ಅದರಲ್ಲಿರುವ ನಂಬರನ್ನು ಕಾರಿನ ಮೇಲಿನ ತಗಡಿನ ನಂಬರಿಗೆ ತಾಳೆ ನೋಡಿದೆ. ಆ ವರ್ಷದ ರೋಡ್‌ಸ್ಟರ್ ಆದರೆ ನಂಬರ್ ಜಿಎಚ್‌ಎನ್5 ಅಂತ ಶುರುವಾಗಬೇಕು. ಮೇಲೆ ಮುಚ್ಚಿದ ಜಿಟಿ ಆದರೆ ಜಿಎಚ್‌ಡಿ5. ಕಾರಿಗೆ ಕೆಂಪು ಬಣ್ಣ ಹೊಡೆದಿದ್ದರು, ಆದರೆ ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಬಿಟ್ಟಾಗ ಒಂದು ಮೂಲೆಯಲ್ಲಿ ಹಸಿರು ಬೆರೆತ ನೀಲಿ ಕಂಡಿತು. ಆಮೇಲೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನಿಂದ ಕಾರಿನ ಹುಟ್ಟಿದ ದಾಖಲೆ ತರಿಸಿದೆ. ಟೀಲ್ ಬ್ಲೂ. ಕಾರ್ಖಾನೆಯಿಂದ ಹೊರಟಾಗ ಇದ್ದ ಬಣ್ಣ ಅದೇ. ಅದನ್ನೇ ವಾಪಸ್ ಹೊಡೆಸಬೇಕು ಅಂತ ಆ ಟಾರ್ಚ್ ಬೆಳಕಲ್ಲೇ ಮನಸ್ಸು ಮಾಡಿಯಾಗಿತ್ತು.

ಇಷ್ಟೆಲ್ಲ ಜೋಪಾನವಾಗಿ ನೋಡಿದವನು ಒಂದು ಕಡೆ ಎಡವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಎಂಜಿಬಿಗೆ ಅಡಿಯಲ್ಲಿ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ಸೂರೂ ಇಲ್ಲವಲ್ಲ, ಹಾಗಾಗಿ ಮುಂದಿನ ಭಾಗವನ್ನೂ ಹಿಂದಿನ ಭಾಗವನ್ನೂ ಹಿಡಿದು ನಿಲ್ಲಿಸುವ ಭಾರವೆಲ್ಲ ಬಾಗಿಲ ಕೆಳಗಿನ ಸಿಲ್ ಮೇಲೆ ಬೀಳುತ್ತದೆ. ಸಿಲ್ ಅಂದರೆ ಹೊರಗೆ ಕಾಣುವ ಒಂದು ತಗಡು ಮಾತ್ರ ಅಲ್ಲ. ಹೊರ ತಗಡು, ನಡುವೆ ಒಂದು ತಗಡು, ಒಳ ತಗಡು, ಅಡಿಯಲ್ಲಿ ಕ್ಯಾಸಲ್ ಸೆಕ್ಷನ್ ಅಂತ ಇನ್ನೊಂದು, ನಾಲ್ಕೂ ಸೇರಿ ಒಂದು ಪೆಟ್ಟಿಗೆ ಆಗಿರುತ್ತದೆ. ತುಕ್ಕು ಶುರುವಾಗೋದು ಒಳಗಿನಿಂದ. ಹೊರಗಿನ ತಗಡಿಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆದರೆ ಏನೂ ಗೊತ್ತಾಗಲ್ಲ. ಅದಕ್ಕೇ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಪುಟ್ಟಿ ಇರುವ ಕಡೆ ಅದು ಅಂಟೋದಿಲ್ಲ.

ನಾನು ಅಯಸ್ಕಾಂತ ಇಟ್ಟು ನೋಡಿದೆ, ಚೆನ್ನಾಗಿ ಅಂಟಿತು. ಹಿಂದಿನ ಸ್ಪ್ರಿಂಗ್ ಹಿಡಿಯುವ ಜಾಗ ತಟ್ಟಿ ನೋಡಿದೆ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಕೂರುವ ಗೂಡುಗಳಿವೆ, ಅವೆರಡೂ ತಳ ತೂತಾಗಿದ್ದವು, ಅದು ಇಷ್ಟು ಹಳೆಯ ಎಂಜಿಬಿಯಲ್ಲಿ ಸಾಮಾನ್ಯ. 'ಸಿಲ್ ಎರಡೂ ಹೊಸದು, ಮೂರು ವರ್ಷದ ಹಿಂದೆ ಯಾರೋ ಬೆಸುಗೆಯವರಿಂದ ಹಾಕಿಸಿದೆ' ಅಂದರು ಆ ಹಿರಿಯರು. ಕಪ್ಪು ಬಣ್ಣ ಹೊಳೆಯುತ್ತಿತ್ತು. ನನಗೆ ಬಹಳ ಖುಷಿಯಾಯಿತು. ಬಾಗಿಲು ಮಾತ್ರ ಗೋಡೆಗೆ ಒರಗಿಯೇ ಇತ್ತು.

ಮನೆಗೆ ತಂದು ಎರಡನೇ ವಾರ ಬಾಗಿಲು ಕೂರಿಸಿದೆ. ಬಲಗಡೆಯದು ಸಲೀಸಾಗಿ ಹಾಕಿಕೊಂಡಿತು. ಎಡಗಡೆಯದು ಹಾಕಿಕೊಳ್ಳಲೇ ಇಲ್ಲ. ಮೇಲುಗಡೆ ಸಂದು 2 ಮಿಲಿಮೀಟರ್, ಕೆಳಗೆ 9. ಕೀಲು ಸರಿಮಾಡಿದೆ, ಶಿಮ್ ಬದಲಾಯಿಸಿದೆ, ಏನು ಮಾಡಿದರೂ ಅಷ್ಟೇ. ಆಗ ಅರ್ಥವಾಯಿತು. ಸಿಲ್ ಕತ್ತರಿಸುವಾಗ ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಕೊಟ್ಟಿರಲಿಲ್ಲ, ನಡುಮಧ್ಯ ಬಾಡಿ ಕುಸಿದಿತ್ತು, ಕುಸಿದ ಹಾಗೆಯೇ ಹೊಸ ಸಿಲ್ಲನ್ನು ಬೆಸೆದುಬಿಟ್ಟಿದ್ದರು. ಅಂದರೆ ಹೊಳೆಯುವ ಆ ಹೊಸ ಸಿಲ್ ಬಾಡಿಯ ಸೊಟ್ಟವನ್ನೇ ಭದ್ರಮಾಡಿ ಹಿಡಿದಿಟ್ಟಿತ್ತು. ಹಳೇ ತುಕ್ಕು ಸಿಲ್ ಇದ್ದಿದ್ದರೇ ಒಳ್ಳೆಯದಿತ್ತು ಅನ್ನಿಸಿತು ನನಗೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆದ್ದರಿಂದ ಕಳಕಳಿಯಿಂದ ಹೇಳುತ್ತಿದ್ದೇನೆ, ಬಾಗಿಲು ಬಿಚ್ಚಿಟ್ಟ ಕಾರು ನೋಡಲು ಹೋದರೆ ದುಡ್ಡು ಕೊಡೋ ಮುಂಚೆ ಬಾಗಿಲು ಕೂರಿಸಿ ನೋಡಿ. ಒಂದು ಬಾಗಿಲಿಗೆ ಅರ್ಧ ಗಂಟೆ ಹಿಡಿಯಬಹುದು, ಇಬ್ಬರು ಬೇಕು. ಮಾರುವವರಿಗೆ ಬೇಜಾರಾದರೂ ಪರವಾಗಿಲ್ಲ. ಕಾಣೆಯಾದ ಗೇರ್‌ಬಾಕ್ಸ್ ದುಡ್ಡು ಕೊಟ್ಟರೆ ಬರುತ್ತದೆ. ಸೊಟ್ಟಗಾದ ಬಾಡಿ ನನ್ನ ಎಂಟು ತಿಂಗಳ ಶನಿವಾರ ಭಾನುವಾರಗಳನ್ನು ತಿಂದಿತು.

ಆ ಎಂಟು ತಿಂಗಳಲ್ಲಿ ಮೊದಲು ಮಾಡಿದ್ದು ಇಲ್ಲಿನ ಕಾಲೇಜಿನ ಸಂಜೆ ತರಗತಿಗೆ ಸೇರಿ ಮಿಗ್ ವೆಲ್ಡಿಂಗ್ ಕಲಿತದ್ದು. ಆಮೇಲೆ ಚೌಕ ಪೈಪಿನಿಂದ ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಮಾಡಿದೆ, ಮುಂದೆ ಕೀಲಿನ ತೂತಿಗೆ ಬೋಲ್ಟ್, ಹಿಂದೆ ಸೀಟ್ ಬೆಲ್ಟಿನ ಬೋಲ್ಟ್ ಜಾಗಕ್ಕೆ ಇನ್ನೊಂದು. ನಡುವೆ ಉದ್ದ ಹೆಚ್ಚು ಕಡಿಮೆ ಮಾಡಲು ತಿರುಪು. ಒಂದು ಕಡೆ ಮುಗಿಯೋವರೆಗೂ ಇನ್ನೊಂದು ಕಡೆ ಮುಟ್ಟಲಿಲ್ಲ. ಕಾರಿನ ಭಾರ ಅದರ ಚಕ್ರಗಳ ಮೇಲೇ ಇರಬೇಕು, ಎರಡು ತುದಿಯಲ್ಲಿ ಸ್ಟ್ಯಾಂಡ್ ಕೊಟ್ಟು ನಡುವೆ ಜೋತುಬಿಡಬಾರದು. ಎಡಗಡೆ ಸಿಲ್ ಕತ್ತರಿಸಿ ತೆಗೆದು, ನಡುವೆ ಜಾಕ್ ಕೊಟ್ಟು, ತಿರುಪನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ಪ್ರತಿ ಸಲ ಬಾಗಿಲು ಕೂರಿಸಿ ಸಂದು ಅಳೆಯುತ್ತಾ ಹೋದೆ. ಮೇಲೆ ಕೆಳಗೆ ಎರಡೂ ಕಡೆ 5 ಮಿಲಿಮೀಟರ್ ಬಂದ ಸಂಜೆ ಹೆಂಡತಿಯನ್ನು ಕರೆದು ಬಾಗಿಲು ಹಾಕಿಸಿದೆ. ಒಂದೇ ಬೆರಳಿಗೆ ಟಕ್ ಅಂತ ಕೂತಿತು.

ಎಂಜಿನ್ ಜಾಮ್ ಆಗಿತ್ತು. ಸ್ಪಾರ್ಕ್ ಪ್ಲಗ್ ತೆಗೆದು ನಾಲ್ಕೂ ಸಿಲಿಂಡರಿಗೆ ಡೀಸೆಲ್ ಜೊತೆ ಗೇರ್ ಆಯಿಲ್ ಬೆರೆಸಿ ಸುರಿದು ಎರಡು ವಾರ ಬಿಟ್ಟೆ. ಆಮೇಲೆ ಕ್ರ್ಯಾಂಕಿನ ಮುಂದಿನ ನಟ್ಟಿಗೆ ಉದ್ದ ಪಾನಾ ಹಾಕಿ ಮುಂದಕ್ಕೆ ಹಿಂದಕ್ಕೆ ನಿಧಾನಕ್ಕೆ ಅಲ್ಲಾಡಿಸಿದೆ, ಬಲ ಹಾಕಲಿಲ್ಲ. ಮೂರನೇ ದಿನ ಬಿಟ್ಟುಕೊಂಡಿತು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದೆ. ಸಿಲಿಂಡರ್ ಹೆಡ್ ರಿಪೇರಿಗೆ ಕೊಟ್ಟಾಗ ಎಗ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ ಗಟ್ಟಿ ಲೋಹದ ಬಳೆ ಹಾಕಿಸಿದೆ, ಯಾಕೆಂದರೆ ಈ ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು, ಆ ಸೀಸವೇ ಆ ಜಾಗ ಸವೆಯದ ಹಾಗೆ ಕಾಯುತ್ತಿತ್ತು. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುವ ಪೆಟ್ರೋಲ್ ಬಂತು, ಎಥನಾಲ್ ಹಳೇ ರಬ್ಬರನ್ನು ಹಾಳುಮಾಡುತ್ತೆ, ಹಾಗಾಗಿ ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಬದಲಾಯಿಸಿದೆ. ಊರಲ್ಲಿ ಹಳೇ ಗಾಡಿ ಇಟ್ಟುಕೊಂಡವರೂ ಇದನ್ನು ಗಮನಿಸಬೇಕು, ಅಲ್ಲಿ ಈಗ ಶೇಕಡಾ 20. ಪಾನಾ ವಿಷಯ ಹೇಳೋದು ಮರೆತೆ. ನನ್ನ ಬಳಿ ಇದ್ದ ಮಿಲಿಮೀಟರ್ ಸೆಟ್ ಈ ಕಾರಿಗೆ ಹೊಂದುವುದಿಲ್ಲ. ಇದರದು ಇಂಚಿನ ಲೆಕ್ಕ. 7/16, 1/2, 9/16, ಈ ಮೂರು ಪಾನಾ ಇದ್ದರೆ ಅರ್ಧ ಕಾರು ಬಿಚ್ಚಬಹುದು.

ಟಪ್ಪೆಟ್, ಅಂದರೆ ವಾಲ್ವ್ ಮೇಲಿನ ಸಣ್ಣ ಸಂದು, ಸೆಟ್ ಮಾಡುವಾಗ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಪುಸ್ತಕದಲ್ಲಿ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಭಾಗ ಅಂತಿತ್ತು. ಯಾವ ವಾಲ್ವ್ ಯಾವಾಗ ಅನ್ನೋದು ನನಗೆ ಗೊಂದಲ.

'ಒಂಬತ್ತರ ಲೆಕ್ಕ ಇಟ್ಕೋ ಮಗಾ' ಅಂದರು ಅಪ್ಪ. 'ಎಂಟನೇದು ಪೂರ್ತಿ ಕೆಳಗೆ ಒತ್ತಿರುವಾಗ ಒಂದನೇದು ಸೆಟ್ ಮಾಡು. ಆರು ಒತ್ತಿದ್ದರೆ ಮೂರು. ಕೂಡಿದರೆ ಒಂಬತ್ತು ಬರಬೇಕು, ಅಷ್ಟೇ.'

ಎಂಟು ವಾಲ್ವ್, ಯಾವುದಕ್ಕೆ ಹಿಡಿದರೂ ಲೆಕ್ಕ ಸರಿ. ಸಂದು ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್, ಎಳೆಯುವಾಗ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಸ್ವಲ್ಪ ಹಿಡಿತ ಗೊತ್ತಾಗಬೇಕು ಅಂತಲೂ ಹೇಳಿಕೊಟ್ಟರು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಎಂಜಿನ್ ಸ್ಟಾರ್ಟ್ ಆಯಿತು.

ಇಲ್ಲಿ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಕಾರಿಗೆ ಎಂಒಟಿ ತಪಾಸಣೆ, ಅಂದರೆ ಕಾರು ರಸ್ತೆಗೆ ಇಳಿಯುವಷ್ಟು ಸುರಕ್ಷಿತವೇ ಅಂತ ನೋಡುವ ಪರೀಕ್ಷೆ, ಕಡ್ಡಾಯವಲ್ಲ, ಹಿಸ್ಟಾರಿಕ್ ಅಂತ ನೋಂದಾಯಿಸಿದರೆ ರಸ್ತೆ ತೆರಿಗೆಯೂ ಇಲ್ಲ. ನಾನು ಆದರೂ ತಪಾಸಣೆ ಮಾಡಿಸಿದೆ. ನನ್ನ ಕೈಯಲ್ಲೇ ಬೆಸೆದ ಸಿಲ್ ಮೇಲೆ ಹೆಂಡತಿಯನ್ನೋ ಮಗಳನ್ನೋ ಕೂರಿಸಿಕೊಂಡು ಹೋಗೋದು, ಇನ್ನೊಬ್ಬರ ಕಣ್ಣು ಬೀಳಲೇಬೇಕು ಅನ್ನಿಸಿತು. ಹಿಂದಿನ ಬ್ರೇಕ್ ಒಂದು ಕಡೆ ಕಮ್ಮಿ ಹಿಡಿಯುತ್ತೆ ಅಂದರು, ಸರಿಮಾಡಿ ಮತ್ತೆ ತೋರಿಸಿದೆ.

ಖರ್ಚು ಎಷ್ಟಾಯಿತು ಅಂತ ಎಲ್ಲರೂ ಕೇಳುತ್ತಾರೆ. ಕಾರಿನ ಬೆಲೆ ಸೇರಿ ಇದುವರೆಗೆ 11,400 ಪೌಂಡ್, ಅದರಲ್ಲಿ ಬಣ್ಣಕ್ಕೇ ಜಾಸ್ತಿ ಹೋಯಿತು. ಇಷ್ಟು ದುಡ್ಡಿಗೆ ಓಡುವ ಎಂಜಿಬಿಯನ್ನೇ ಕೊಳ್ಳಬಹುದಿತ್ತು, ಅದು ನಿಜ. ದುಡ್ಡು ಉಳಿಸೋಕೆ ಅಂತ ಯಾರೂ ಬಿಡಿಬಿಡಿ ಕಾರು ತರಬೇಡಿ. ಕೆಲಸ ಇಷ್ಟ ಇದ್ದರೆ ತನ್ನಿ. ನನಗೆ ಇಷ್ಟ ಇತ್ತು, ಮೂರು ವರ್ಷದಲ್ಲಿ ಒಂದು ದಿನವೂ ಅದು ಕಮ್ಮಿ ಆಗಲಿಲ್ಲ.

2024ರ ಜುಲೈನಲ್ಲಿ ಅಪ್ಪ ಅಮ್ಮ ಬಂದಿದ್ದರು. ಆಬಿಂಗ್ಡನ್‌ವರೆಗೆ ಅಪ್ಪನನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಕಿವಿ ಮುಂದೆ ಮಾಡಿ ಕೂತಿದ್ದರು, ಏನೂ ಮಾತಾಡಲಿಲ್ಲ. ಮನೆಗೆ ಬಂದು ಎಂಜಿನ್ ತಣ್ಣಗಾದ ಮೇಲೆ ಫೀಲರ್ ಗೇಜ್ ಕೊಡು ಅಂದರು. 'ಐದನೇದು ಸ್ವಲ್ಪ ಬಿಗಿಯಾಗಿದೆ' ಅಂತ ತಾವೇ ಸಡಿಲಿಸಿದರು.

ಹುಡ್‌ನ ಕಂಬಿಗಳು ಇನ್ನೂ ಸಿಕ್ಕಿಲ್ಲ. ಬ್ರಿಸ್ಟಲ್‌ನಲ್ಲಿ ಒಬ್ಬರ ಬಳಿ ಒಂದು ಸೆಟ್ ಇದೆಯಂತೆ, ಈ ಶನಿವಾರ ಹೋಗಿ ನೋಡಬೇಕು. ಈ ಸಲ ಕಾರಿನಲ್ಲೇ ಹೋಗಿ, ಅಲ್ಲೇ ಜೋಡಿಸಿ ನೋಡಿಯೇ ದುಡ್ಡು ಕೊಡುತ್ತೇನೆ.